ಪೆಟ್ಟಿಗೆ ಬರಿಯ ಪೆಟ್ಟಿಗೆಯೆ?

ಮೇಜಿನ ಮೇಲೆ ಹಲವು ಸಾಮಾನುಗಳಿವೆ. ಪುಟ್ಟ ಮೇಣದ ಬತ್ತಿಗಳು, ಬೆಂಕಿಕಡ್ಡಿಗಳು, ಅಗಲ ತಲೆಯ ಸಣ್ಣ ಮೊಳೆಗಳು. ಇವನ್ನೆಲ್ಲ ಚಿಕ್ಕ ಚಿಕ್ಕ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದೆ. ಎದುರಿಗೊಂದು ಮರದ ಬಾಗಿಲು. ಬತ್ತಿಗಳನ್ನು ಆ ಬಾಗಿಲಿನ ಮೇಲೆ, ಕಣ್ಣಿನ ಮಟ್ಟಕ್ಕೆ, ನೆಟ್ಟಗೆ ನಿಲ್ಲಿಸಬೇಕು. ಮೊಳೆಯನ್ನು ಬತ್ತಿಗೇ ಹೊಡೆದರೆ ಬತ್ತಿ ಸೀಳುತ್ತದೆ. ಕರಗಿದ ಮೇಣದಿಂದ ಅಂಟಿಸಹೋದರೆ ಜಾರಿ ಬೀಳುತ್ತದೆ. ಏನು ಮಾಡಬೇಕು? ಓದುಗರು ಮುಂದಕ್ಕೆ ಹೋಗುವ ಮುನ್ನ ಅರೆಗಳಿಗೆ ಯೋಚಿಸಿ ನೋಡಬಹುದು.

ಉತ್ತರ ತಿಳಿದ ಮೇಲೆ ಬಲು ಸರಳ. ಪೆಟ್ಟಿಗೆಗಳನ್ನು ಬರಿದು ಮಾಡಿ ಮೊಳೆಯಿಂದ ಬಾಗಿಲಿಗೆ ಜಡಿದರೆ ಅವೇ ಪುಟ್ಟ ಹಲಗೆಗಳಾಗುತ್ತವೆ. ಬತ್ತಿಗಳು ಅವುಗಳ ಮೇಲೆ ನಿಶ್ಚಿಂತೆಯಾಗಿ ನಿಲ್ಲುತ್ತವೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಕಾರ್ಲ್ ಡುಂಕರ್ 1935ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಪ್ರಯೋಗವನ್ನು ವರ್ಣಿಸಿದ್ದಾನೆ. ಪೆಟ್ಟಿಗೆಗಳನ್ನು ಬರಿದಾಗಿಯೇ ಇಟ್ಟಿದ್ದಾಗ ಉತ್ತರ ಸುಲಭವಾಗಿ ಹೊಳೆಯಿತು. ಅವುಗಳಲ್ಲಿ ಸಾಮಾನು ತುಂಬಿಟ್ಟಾಗ ಅನೇಕರು ಸೋತರು. 1952ರಲ್ಲಿ ಅಮೆರಿಕದಲ್ಲಿ ಇದನ್ನೇ ಮತ್ತೆ ನಡೆಸಿ ನೋಡಿದಾಗಲೂ ಫಲ ಬೇರೆಯಾಗಲಿಲ್ಲ. ಸೋತವರು ಮಂದಬುದ್ಧಿಯವರೇನೂ ಅಲ್ಲ. ಪೆಟ್ಟಿಗೆಯಿರುವುದು ಸಾಮಾನು ತುಂಬುವುದಕ್ಕೆ ಎಂಬ ತಿಳಿವಳಿಕೆಯೇ ಅವರ ಕಣ್ಣಿಗೆ ಪರದೆಯಾಯಿತು. ಅವರು ಸೋತದ್ದು ತಿಳಿಯದೆ ಅಲ್ಲ, ತಿಳಿದದ್ದರಿಂದ!

ಇದಕ್ಕಿಂತ ವಿಚಾರಾರ್ಹವಾದ ಸಂಗತಿಯೊಂದು 2000ದಲ್ಲಿ ಹೊರಬಂದಿತು. ಇಬ್ಬರು ಸಂಶೋಧಕರು ಎಳೆಯ ಮಕ್ಕಳಿಗೆ ಇಂಥದೇ ಸಮಸ್ಯೆಯನ್ನೊಡ್ಡಿದರು. ಆಟದ ಗೊಂಬೆಯೊಂದು ಎತ್ತರದಲ್ಲಿರುವ ವಸ್ತುವನ್ನು ಮುಟ್ಟಬೇಕು. ಪೆಟ್ಟಿಗೆಯನ್ನು ಬೋರಲು ಹಾಕಿ ಮೆಟ್ಟಿಲು ಮಾಡಿಕೊಂಡರೆ ಮಾತ್ರ ಅದು ಸಾಧ್ಯ. ಪೆಟ್ಟಿಗೆಯಲ್ಲಿ ಸಾಮಾನು ತುಂಬಿ ತೋರಿಸಿದಾಗ ಆರು, ಏಳು ವರ್ಷದ ಮಕ್ಕಳು ದೊಡ್ಡವರಂತೆಯೇ ತಡವರಿಸಿದರು. ಐದು ವರ್ಷದವರಿಗೆ ಮಾತ್ರ ಯಾವ ತೊಡಕೂ ಆಗಲಿಲ್ಲ. ಪೆಟ್ಟಿಗೆ ತುಂಬಿರಲಿ, ಬರಿದಾಗಿರಲಿ, ಅವರಿಗೆ ಎರಡೂ ಒಂದೇ. ಇಂಥ ವಸ್ತು ಇಂಥದಕ್ಕೇ ಎಂಬ ಕಟ್ಟಳೆ ಅವರ ಮನಸ್ಸಿನಲ್ಲಿ ಇನ್ನೂ ಬೇರೂರಿರಲಿಲ್ಲ.

ಒಂದೆರಡು ವರ್ಷಗಳ ಅಂತರದಲ್ಲಿ ಮಗು ಏನನ್ನೋ ಗಳಿಸುತ್ತದೆ, ಏನನ್ನೋ ಕಳೆದುಕೊಳ್ಳುತ್ತದೆ. ಅದು ನಡೆಯುವುದು ನಮ್ಮ ನಡುಮನೆಗಳಲ್ಲಿಯೇ. ಮಗು ಸೇರು ಪಾವುಗಳನ್ನು ಒಂದರ ಮೇಲೊಂದು ಬೋರಲಿಟ್ಟು ಗೋಪುರ ಕಟ್ಟುತ್ತಿರುತ್ತದೆ. “ಏ ಪುಟ್ಟಾ, ಅದು ಅಕ್ಕಿ ಅಳೆಯೋದಕ್ಕೆ ಕಣೋ, ಆಡೋದಕ್ಕಲ್ಲ!” ಎಂದು ಅಡುಗೆಮನೆಯಿಂದ ಕೂಗು ಬರುತ್ತದೆ. ಕೂಗಿದ ತಾಯಿಯ ತಪ್ಪೇನೂ ಇಲ್ಲ; ಒಲೆಯ ಮೇಲೆ ಎಸರು ಕುದಿಯುತ್ತಿದೆ, ಅಕ್ಕಿ ಅಳೆಯಬೇಕು. ಈಳಿಗೆಮಣೆಯ ವಿಷಯದಲ್ಲಂತೂ ಮಗು ಕಟ್ಟಳೆಯನ್ನು ಎಷ್ಟು ಬೇಗ ಕಲಿತರೆ ಅಷ್ಟು ಕ್ಷೇಮ. ಆದರೆ ಸೇರಿಗೂ ಈಳಿಗೆಮಣೆಗೂ ಒಂದೇ ಗದರಿಕೆಯಾದರೆ, ಐದರ ಹರೆಯದ ಆ ಸ್ವಾತಂತ್ರ್ಯ ಅವಧಿಗೆ ಮುಂಚೆಯೇ ಮುಗಿಯುತ್ತದೆ.

ಹಾಗೆ ಕಳೆದುಕೊಂಡದ್ದನ್ನು ದೊಡ್ಡವರು ಮರಳಿ ಪಡೆಯಬಹುದೆ? ಪಡೆಯಬಹುದೆಂಬುದಕ್ಕೆ ಆಧಾರವಿದೆ. ಮೇಣದ ಬತ್ತಿಯ ಸಮಸ್ಯೆಯನ್ನೇ 1966ರಲ್ಲಿ ಗ್ಲಕ್ಸ್‌ಬರ್ಗ್ ಮತ್ತು ವೈಸ್‌ಬರ್ಗ್ ಎಂಬವರು ಮತ್ತೆ ಕೈಗೆತ್ತಿಕೊಂಡರು. ‘ಮೊಳೆ’, ‘ಬತ್ತಿ’ ಎಂಬಂತೆ ‘ಪೆಟ್ಟಿಗೆ’ ಎಂಬ ಹೆಸರನ್ನೂ ಬೇರೆಯಾಗಿ ಸೂಚಿಸಿದಾಗ ಜನರಿಗೆ ಉತ್ತರ ಬೇಗನೆ ಹೊಳೆಯಿತು. ‘ಮೊಳೆಯ ಪೆಟ್ಟಿಗೆ’ ಎಂದು ಒಂದಾಗಿ ಕಂಡದ್ದು ಎರಡಾಯಿತು, ಅಷ್ಟೆ. ಒಂದೇ ಒಂದು ಶಬ್ದಕ್ಕೆ ಇಷ್ಟು ಬಲ!

ನಮ್ಮ ಹಳ್ಳಿಗಳ ಅಜ್ಜಿಯರಿಗೆ ಈ ಗುಟ್ಟು ತಿಳಿದಿತ್ತೆನ್ನಬೇಕು. ಒಗಟು ಮಾಡುವ ಕೆಲಸವೂ ಇದೇ ಅಲ್ಲವೆ? ವಸ್ತುವಿನ ಹೆಸರನ್ನು ಕಿತ್ತುಹಾಕಿ, ಅದರ ಆಕಾರ, ಬಣ್ಣ, ನಡೆಗಳನ್ನಷ್ಟೇ ಅದು ನಮ್ಮ ಮುಂದಿಡುತ್ತದೆ. ಜುಟ್ಟು, ಮೂರು ಕಣ್ಣು, ಹೊಟ್ಟೆಯೊಳಗೆ ನೀರು ಎಂದು ಕೇಳಿದ ಮಗು ಕ್ಷಣಕಾಲವಾದರೂ ತೆಂಗಿನಕಾಯಿಯನ್ನು ಕಾಯಿಯೆಂದು ಕಾಣದೆ, ಯಾವುದೋ ಪ್ರಾಣಿಯೆಂಬಂತೆ ಕಾಣುತ್ತದೆ. ಹರಿದ ಸೀರೆಯಲ್ಲಿ ಕೌದಿಯನ್ನೂ ಒಡೆದ ಕರಟದಲ್ಲಿ ಸೌಟನ್ನೂ ಕಂಡ ಕಣ್ಣು ಇಂಥದೇ. ಬಡತನವೇ ಅದನ್ನು ಕಲಿಸಿತೆಂದು ಹೇಳುವವರುಂಟು. ಆದರೆ ಕೌದಿಯ ಮೇಲಿನ ಬಣ್ಣಗಳ ಹೊಂದಿಕೆಯನ್ನು ನೋಡಿದವರು ಅಷ್ಟಕ್ಕೇ ಒಪ್ಪಲಾರರು.

ಕವಿಗೆ ಬೇಕಾದುದೇನೆಂದು ವಿಚಾರಿಸಿದ ಆಲಂಕಾರಿಕ ಮಮ್ಮಟನು ಹುಟ್ಟಿನಿಂದ ಬಂದ ಶಕ್ತಿಯೊಂದನ್ನೇ ಹೇಳಿ ಸುಮ್ಮನಾಗಲಿಲ್ಲ. ಲೋಕವನ್ನೂ ಶಾಸ್ತ್ರ ಕಾವ್ಯಗಳನ್ನೂ ನೋಡಿ ಬರುವ ನಿಪುಣತೆ, ಬಲ್ಲವರಿಂದ ಕಲಿತು ಮಾಡುವ ಅಭ್ಯಾಸ ಇವೆರಡನ್ನೂ ಅದರೊಡನೆ ಸೇರಿಸಿದನು. ಲೋಕವನ್ನು ನೋಡುವುದೆಂದರೆ ಎಂಥದು? ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಅದನ್ನು ಬೆರಳಿನಿಂದ ತಟ್ಟಿ ಕಿವಿಗೊಡುತ್ತಾಳೆ; ಹಲಸಿನ ಹಣ್ಣನ್ನೂ ತಟ್ಟಿಯೇ ಆರಿಸುತ್ತಾಳೆ. ಒಳಗೇನಿದೆಯೆಂಬುದನ್ನು ಸದ್ದು ಹೇಳುತ್ತದೆಂದು ಅವಳಿಗೆ ಗೊತ್ತು. ವಿಯೆನ್ನಾ ನಗರದ ವೈದ್ಯ ಔಯೆನ್‌ಬ್ರುಗ್ಗರ್ ಒಬ್ಬ ಛತ್ರದ ಯಜಮಾನನ ಮಗ. ಮದ್ಯದ ಪೀಪಾಯಿಯಲ್ಲಿ ಎಷ್ಟು ಉಳಿದಿದೆಯೆಂಬುದನ್ನು ತಟ್ಟಿ ತಿಳಿಯುವುದನ್ನು ಆತ ಬಾಲ್ಯದಲ್ಲಿ ಕಂಡಿದ್ದನೆಂದು ಹೇಳುತ್ತಾರೆ. 1761ರಲ್ಲಿ ಆತ ಪ್ರಕಟಿಸಿದ ಪುಸ್ತಕವು ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ವ್ಯಾಧಿಯನ್ನು ಅರಿಯುವ ವಿಧಾನವನ್ನು ವೈದ್ಯಲೋಕಕ್ಕೆ ತಿಳಿಸಿತು. ವೈದ್ಯಲೋಕ ಅದನ್ನು ಬಹುಕಾಲ ಲಕ್ಷ್ಯಕ್ಕೇ ತಂದುಕೊಳ್ಳಲಿಲ್ಲವೆಂಬುದು ಬೇರೆ ಮಾತು.

1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಎಂಬಾತನ ಮುಂದೆ ಹೃದ್ರೋಗದ ಲಕ್ಷಣಗಳುಳ್ಳ ಯುವತಿಯೊಬ್ಬಳಿದ್ದಳು. ಸ್ಥೂಲಶರೀರ, ಎದೆಗೆ ಕಿವಿಯೊಡ್ಡಿ ಕೇಳುವುದು ಮರ್ಯಾದೆಗೂ ಒಪ್ಪದು. ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀಚಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವನಿಗೆ ಅದು ಸ್ಪಷ್ಟವಾಗಿ ಕೇಳುವುದೆಂಬ ಮಾತು ಆತನಿಗೆ ನೆನಪಾಯಿತು. ಕೂಡಲೆ ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದನು. ಬರೆಯುವ ಕಾಗದವೇ ಕೇಳುವ ಕೊಳವೆಯಾಯಿತು. ಸ್ಟೆತಾಸ್ಕೋಪು ಹುಟ್ಟಿದ್ದು ಹೀಗೆ.

ಇನ್ನು ಅಭ್ಯಾಸದ ಮಾತು. 1950ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷಪೀಠದಿಂದ ಮಾತನಾಡಿದ ಗಿಲ್‌ಫರ್ಡ್, ಸೃಷ್ಟಿಶೀಲ ಬುದ್ಧಿಯನ್ನು ವಿದ್ವಾಂಸರು ಕಡೆಗಣಿಸಿದ್ದಾರೆಂದು ಆಕ್ಷೇಪಿಸಿದನು. ಒಂದು ಇಟ್ಟಿಗೆಯಿಂದ ಏನೇನು ಪ್ರಯೋಜನ ಹೇಳಿ ಎಂಬ ಪ್ರಸಿದ್ಧ ಪರೀಕ್ಷೆ ಆತನ ಬಳಗದ್ದೇ. 1957ರಲ್ಲಿ ಆ ಬಳಗ ಗಮನಿಸಿದ ಅಂಶವೊಂದು ಮನೆಗಳಲ್ಲಿ ಬಹಳ ಉಪಯೋಗಕ್ಕೆ ಬರುವಂಥದು. ಮೊದಲು ಹೊಳೆಯುವ ಉತ್ತರಗಳು ಎಲ್ಲರಿಗೂ ಹೊಳೆಯುವಂಥವೇ. ಅಪರೂಪದವು ಹಿಂದೆ ಉಳಿದು ತಡವಾಗಿ ಬರುತ್ತವೆ. ಇಟ್ಟಿಗೆಯಿಂದ ಗೋಡೆ, ಒಲೆ, ಮೆಟ್ಟಿಲು ಎಂದು ಮುಗಿಸಿ ಎದ್ದವನು ಬೆಳೆ ಬರುವ ಮುನ್ನವೇ ಹೊಲ ಬಿಟ್ಟುಹೋದ ರೈತನಂತೆ. ಇನ್ನೇನೂ ತೋಚದು ಎನಿಸಿದ ಮೇಲೂ ಐದು ನಿಮಿಷ ಕೂತಿರುವುದೇ ಇಲ್ಲಿಯ ಸಾಧನೆ.

ನಾಲ್ವರು ಕೂಡಿ ಕೂತರೆ ಹೊಸ ಯೋಚನೆಗಳು ಹೆಚ್ಚು ಹುಟ್ಟುತ್ತವೆಂಬ ನಂಬಿಕೆಯೂ ಬಳಕೆಯಲ್ಲಿದೆ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಪರೀಕ್ಷೆ ಇದಕ್ಕೆ ವಿರುದ್ಧವಾದುದನ್ನು ಹೇಳಿತು. ಕೂಡಿ ಯೋಚಿಸಿದ ನಾಲ್ವರಿಗಿಂತ, ಬೇರೆ ಬೇರೆ ಕೂತು ಯೋಚಿಸಿದ ನಾಲ್ವರ ಉತ್ತರಗಳನ್ನು ಒಟ್ಟುಗೂಡಿಸಿದಾಗ ಸಂಖ್ಯೆ ದೊಡ್ಡದಾಗಿತ್ತು. ಆದುದರಿಂದ ಬೇಸಗೆಯ ರಜೆಯಲ್ಲಿ ಮನೆಗೆ ಬರುವ ನೆಂಟರಿಗೆಲ್ಲ ಹಾಸಿಗೆ ಎಲ್ಲಿ ಹಾಸಬೇಕು ಎಂಬಂಥ ಪ್ರಶ್ನೆಯೆದ್ದಾಗ, ಮನೆಮಂದಿಯೆಲ್ಲ ಒಂದೊಂದು ಮೂಲೆ ಹಿಡಿದು ಚೀಟಿ ಬರೆಯಲಿ. ಬರೆಯಲು ಬಾರದವನು ಅಜ್ಜಿಯ ಕಿವಿಯಲ್ಲಿ ಹೇಳಲಿ. ಚೀಟಿಗಳನ್ನು ಓದುವಾಗ ಎಲ್ಲರಿಗಿಂತ ಚಿಕ್ಕವನದನ್ನು ಮೊದಲು ಓದುವುದು ಲೇಸು. ಅಪ್ಪನ ಉತ್ತರವನ್ನು ಕೇಳಿದ ಮೇಲೆ ಅವನು ತನ್ನದನ್ನು ಮಡಿಸಿ ಚಡ್ಡಿಯ ಜೇಬಿಗೆ ಸೇರಿಸಿಬಿಟ್ಟಾನು.