ಮನೋವ್ಯಥೆಗೆ ದೂರದ ಆಪ್ತಸಲಹೆ

ಮೈಗೆ ಜ್ವರ ಬಂದರೆ ವೈದ್ಯರ ಬಳಿಗೆ ಹೋಗಲು ನಮ್ಮಲ್ಲಿ ಯಾರೂ ನಾಚುವುದಿಲ್ಲ. ಮನಸ್ಸಿಗೆ ಬೇನೆ ಬಂದರೆ ಮಾತ್ರ ಅದನ್ನು ನೆರೆಹೊರೆಯವರಿಂದ ಮರೆಮಾಚುತ್ತೇವೆ, ಮನೆಯವರಿಗೂ ತಿಳಿಸುವುದಿಲ್ಲ. ವರ್ಗವಾಗಿ ಗುರುತಿಲ್ಲದ ಊರಿಗೆ ಬಂದ ಗುಮಾಸ್ತನು, ಮೂವತ್ತು ವರ್ಷ ಕಚೇರಿಯೇ ಸರ್ವಸ್ವವೆಂದು ದುಡಿದು ನಿವೃತ್ತನಾದ ಅಧಿಕಾರಿಯು, ಪರೀಕ್ಷೆಯ ಭಯದಿಂದ ನಿದ್ದೆಗೆಟ್ಟ ವಿದ್ಯಾರ್ಥಿಯು, ಬಾಣಂತನದಲ್ಲಿ ಕಾರಣ ತಿಳಿಯದೆ ಕಣ್ಣೀರಿಡುವ ತಾಯಿಯು—ಇವರೆಲ್ಲರ ಸಂಕಟವು ಬಾಳಿನ ತಿರುವುಗಳಲ್ಲಿ ಯಾರಿಗಾದರೂ ಬರತಕ್ಕುದು. ಆದರೂ ‘ಹುಚ್ಚಾಸ್ಪತ್ರೆಯ ಮೆಟ್ಟಿಲು ಹತ್ತಿದರು’ ಎಂಬ ಲೋಕಾಪವಾದಕ್ಕೆ ಅಂಜಿ ಅವರು ಮೌನವಾಗಿ ಬೇಯುತ್ತಾರೆ.

ಈ ಮೌನದ ಪರಿಣಾಮವು ಅಲ್ಪವಾದುದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ, ವಯಸ್ಕರಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಮಂದಿಗೆ ಒಂದಿಲ್ಲೊಂದು ಮಾನಸಿಕ ಬಾಧೆಯಿದ್ದಿತು. ಅವರಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣವು ಬಾಧೆಯ ಬಗೆಗೆ ತಕ್ಕಂತೆ ನೂರಕ್ಕೆ 70ರಿಂದ 92ರವರೆಗೆ ಇದ್ದಿತು. ನಾಚಿಕೆಯೊಂದೇ ಇದಕ್ಕೆ ಕಾರಣವಲ್ಲ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬರಂತೆಯೂ ಮನೋವೈದ್ಯರಿಲ್ಲ. ಇರುವವರಲ್ಲಿಯೂ ಹೆಚ್ಚಿನವರು ದೊಡ್ಡ ಪಟ್ಟಣಗಳಲ್ಲಿಯೇ ನೆಲೆಸಿದ್ದಾರೆ.

ದೂರದವರಿಗೆ ಈ ಸಹಾಯವನ್ನು ಮುಟ್ಟಿಸುವ ಪ್ರಯತ್ನದಲ್ಲಿ ಕರ್ನಾಟಕವು ಹಿಂದೆ ಬಿದ್ದಿಲ್ಲ. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಶಿಕ್ಷಣವಿತ್ತು, ಹಳ್ಳಿಗಳಲ್ಲಿಯೇ ಮನೋರೋಗಗಳಿಗೆ ಉಪಚಾರ ಸಾಧ್ಯವೆಂದು ತೋರಿಸಿಕೊಟ್ಟರು. ಆ ಮಾದರಿಯೇ 1996ರಲ್ಲಿ ಅಖಿಲ ಭಾರತದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಅದರ ಮುಂದಿನ ಹೆಜ್ಜೆಯೆನ್ನಬಹುದಾದುದು 2022ನೆಯ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಆರಂಭಿಸಿದ ‘ಟೆಲಿ ಮಾನಸ್’. 14416 ಎಂಬ ಸಂಖ್ಯೆಗೆ ಹಗಲಾಗಲಿ ಇರುಳಾಗಲಿ ಕಾಸಿನ ಖರ್ಚಿಲ್ಲದೆ ಕರೆ ಮಾಡಬಹುದು. ಮೊದಲು ಶಿಕ್ಷಣ ಪಡೆದ ಆಪ್ತಸಲಹೆಗಾರರು ಕೇಳುತ್ತಾರೆ. ಅವರ ಮಟ್ಟಕ್ಕೆ ಮೀರಿದ್ದಾದರೆ ಮನೋವೈದ್ಯರಿಗೋ ಜಿಲ್ಲೆಯ ಆಸ್ಪತ್ರೆಗೋ ಒಪ್ಪಿಸುತ್ತಾರೆ. ಬಂದ ಕರೆಗಳ ಸಂಖ್ಯೆಯು 2025ರ ಹೊತ್ತಿಗೆ 18 ಲಕ್ಷವನ್ನು ಮೀರಿದ್ದಿತು. ಕೇಳುವ ಕಿವಿಗಾಗಿ ಜನರು ಎಷ್ಟು ಹಂಬಲಿಸುತ್ತಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ವ್ಯವಸ್ಥೆಯಲ್ಲಿ ನಮಗೆ ಮೆಚ್ಚುಗೆಯಾದ ಸಂಗತಿಗಳು ಎರಡು. ಮುಖ ಕಾಣದಿರುವುದರಿಂದ ಸಂಕೋಚವು ಕಳೆಯುತ್ತದೆ, ಇದು ಮೊದಲನೆಯದು. ಕನ್ನಡದಲ್ಲಿಯೇ ಮಾತಾಡಬಹುದೆಂಬುದು ಎರಡನೆಯದು, ಮತ್ತು ಹೆಚ್ಚಿನದು. ‘ಜೀವ ಹಾರುತ್ತದೆ’, ‘ಎದೆ ಭಾರವಾಗಿದೆ’, ‘ಯಾವುದರಲ್ಲಿಯೂ ಮನಸ್ಸಿಲ್ಲ’ ಎಂದು ನಮ್ಮವರು ಹೇಳುವುದನ್ನು ಆ ಭಾಷೆಯಲ್ಲಿಯೇ ಬೆಳೆದವರು ಅರಿಯುವಂತೆ ಪರಭಾಷೆಯವರು ಅರಿಯಲಾರರು. ತಾಯ್ನುಡಿಯಲ್ಲಿ ಹೇಳಿಕೊಂಡ ದುಃಖವು ಅರ್ಧ ಇಳಿದಂತೆಯೇ ಸರಿ.

ಆದರೆ ಎಲ್ಲ ದೂರದ ಕಿವಿಗಳೂ ವಿಶ್ವಾಸಾರ್ಹವಲ್ಲ. ಅಂತರಜಾಲದಲ್ಲಿ ಹಣ ಪಡೆದು ಸಲಹೆ ಕೊಡುವ ಸಂಸ್ಥೆಗಳು ಈಗ ಅನೇಕ. ಅಮೆರಿಕದ ಬೆಟರ್‌ಹೆಲ್ಪ್ ಎಂಬ ಸಂಸ್ಥೆಯು ಗಿರಾಕಿಗಳ ಆರೋಗ್ಯಸಂಬಂಧದ ಗುಟ್ಟಿನ ವಿವರಗಳನ್ನು ಜಾಹೀರಾತಿಗಾಗಿ ಇತರ ಕಂಪನಿಗಳೊಡನೆ ಹಂಚಿಕೊಂಡಿತೆಂಬ ಆರೋಪದ ಮೇಲೆ, 2023ರಲ್ಲಿ ಆ ದೇಶದ ವ್ಯಾಪಾರ ಆಯೋಗದ ಆಜ್ಞೆಯಂತೆ 78 ಲಕ್ಷ ಡಾಲರುಗಳನ್ನು ತೆರಬೇಕಾಯಿತು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯ ಹಕ್ಕನ್ನೂ ಗೌಪ್ಯದ ಹಕ್ಕನ್ನೂ ಕೊಟ್ಟಿದೆ. ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. ಸಲಹೆ ಕೊಡುವವರ ವಿದ್ಯಾರ್ಹತೆಯೇನು, ಹೇಳಿದ ಮಾತು ಎಲ್ಲಿ ಉಳಿಯುತ್ತದೆ ಎಂಬುದನ್ನು ಕೇಳಿ ತಿಳಿಯದೆ ಯಾರೂ ತಮ್ಮ ಮನೆಯ ಗುಟ್ಟನ್ನು ಬಿಚ್ಚತಕ್ಕದ್ದಲ್ಲ. ತೀವ್ರವಾದ ರೋಗಕ್ಕೆ ದೂರದ ಮಾತೊಂದೇ ಮದ್ದಲ್ಲವೆಂಬುದನ್ನೂ, ಪ್ರಾಣಕ್ಕೆ ಅಪಾಯ ತೋರಿದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದನ್ನೂ ಮರೆಯಲಾಗದು.

ಸರಕಾರವು ಬಾಗಿಲನ್ನು ತೆರೆದಿದೆ. ಬಾಗಿಲು ಎಲ್ಲಿದೆಯೆಂದು ತೋರಿಸುವ ಕೆಲಸವು ಅಧಿಕಾರಿವರ್ಗದ್ದು. ಪ್ರತಿಯೊಂದು ಕಚೇರಿ, ಶಾಲೆ, ಬಸ್ಸು ನಿಲ್ದಾಣಗಳಲ್ಲಿ ಆ ಐದಂಕಿಯ ಸಂಖ್ಯೆಯನ್ನು ಕನ್ನಡದಲ್ಲಿ ಬರೆಯಿಸಿ ತೂಗಹಾಕಲಿ. ಮನೋವ್ಯಥೆಗೆ ಉಪಚಾರ ಪಡೆದ ನೌಕರನನ್ನು ಅಸಮರ್ಥನೆಂದು ಬಗೆಯುವ ಕೆಟ್ಟ ಅಭ್ಯಾಸವನ್ನು ಮೇಲಧಿಕಾರಿಗಳು ಬಿಡಲಿ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ, ಹಣವೂ ಬೇಕಿಲ್ಲ. ಸ್ವಲ್ಪ ಅಂತಃಕರಣ ಸಾಕು. ವ್ಯಥೆಯಿಂದ ಬಳಲುತ್ತಿರುವ ವಾಚಕರಿಗೆ ನಮ್ಮ ವಿನಂತಿ ಒಂದೇ: ಹೇಳಿಕೊಳ್ಳುವುದು ದೌರ್ಬಲ್ಯವಲ್ಲ. ಕೇಳುವವರಿದ್ದಾರೆ, ಕನ್ನಡದಲ್ಲಿಯೇ ಕೇಳುತ್ತಾರೆ.