ಚುಟುಕಿನಾಚೆಯ ದಿನಕರ ದೇಸಾಯಿ: ಗೇಣಿಯಿಂದ ಕೈಗಾವರೆಗೆ

ಕೈಗಾ ಅಂದರೆ ನಮಗೆ ನೆನಪಾಗೋದು ತಲಾ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರ್. ಸ್ವಲ್ಪ ಓದಿಕೊಂಡವರಿಗೆ, ಆ ಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೆ ನಿಂತು ಸೋತ ಶಿವರಾಮ ಕಾರಂತರು. ಇದೇ ಕೆನರಾ ಕ್ಷೇತ್ರ 1967ರಲ್ಲಿ ಇನ್ನೊಬ್ಬ ಸಾಹಿತಿಯನ್ನು, ಅದೂ ಪಕ್ಷೇತರರಾಗಿ ನಿಂತವರನ್ನು, ಗೆಲ್ಲಿಸಿ ಕಳಿಸಿತ್ತು: ಅಂಕೋಲಾ ತಾಲೂಕಿನ ಅಲಗೇರಿಯ ದಿನಕರ ದೇಸಾಯಿ. 'ಚುಟುಕು ಬ್ರಹ್ಮ' ಅಂತ ಹೇಳಿ ನಾವು ಮುಗಿಸಿಬಿಡುವ ಹೆಸರು.

1909ರಲ್ಲಿ ಹುಟ್ಟಿದ ದೇಸಾಯಿ ಮುಂಬೈಯಲ್ಲಿ ಕಾನೂನು ಓದಿದರು. ಆದರೆ ಕರಿಕೋಟು ಹಾಕಿ ದುಡ್ಡು ಮಾಡಲಿಲ್ಲ. ಗೋಖಲೆ ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಸೇರಿದರು. ಮುಂಬೈಯಲ್ಲಿ ಹಡಗು ಕಾರ್ಮಿಕರನ್ನು, ಊರಲ್ಲಿ ಗೇಣಿದಾರರನ್ನು ಸಂಘಟಿಸಿದರು.

ಗೇಣಿ ಅಂದರೆ ಒಡೆಯನ ಗದ್ದೆ ಉಳುವವನು ವರ್ಷಕ್ಕಿಷ್ಟು ಅಂತ ಅಳೆದುಕೊಡುವ ಪಾಲು, ಹೆಚ್ಚಾಗಿ ಭತ್ತದಲ್ಲೇ. ತಲೆತಲಾಂತರದಿಂದ ಉತ್ತರೂ ಅವನ ಹಕ್ಕು ಬರೀ ಬಾಯಿಮಾತು. 'ನಾಳೆಯಿಂದ ಬರಬೇಡ' ಅಂದರೆ ಮುಗೀತು. ದೇಸಾಯಿ ಕೈಹಾಕಿದ್ದು ಈ ಬುಡಕ್ಕೇ. ಸರ್ಕಾರ ಅವರನ್ನು ಹುಟ್ಟಿದ ಜಿಲ್ಲೆಯಿಂದಲೇ ಐದು ವರ್ಷ ಗಡಿಪಾರು ಮಾಡಿತು. ರಾಜ್ಯದ ರೈತ ಹೋರಾಟದ ಕಥೆಯನ್ನು ನಾವು 1951ರ ಕಾಗೋಡಿನಿಂದ ಶುರುಮಾಡ್ತೇವೆ. ಅಂಕೋಲಾ ಅದಕ್ಕಿಂತ ಹತ್ತು ವರ್ಷ ಮುಂದಿತ್ತು.

ಹಳೇ ಕಥೆ ಈಗ್ಯಾಕೆ ಅಂದರೆ, ಯೋಜನೆಗೆ ಭೂಮಿ ಹೋದಾಗ ಪರಿಹಾರದ ಲೆಕ್ಕ ಶುರುವಾಗೋದು ಪಹಣಿಯಿಂದ. ಅದರಲ್ಲಿ ಹೆಸರಿಲ್ಲದವನು ಒಕ್ಕಲೆದ್ದರೂ ಸರ್ಕಾರದ ಕಣ್ಣಿಗೆ ಬೀಳೋದು ಕಷ್ಟ. ಕಾಳಿ ಕಣಿವೆಯ ಅಣೆಕಟ್ಟು, ಕೈಗಾ, ಸೀಬರ್ಡ್ ನೌಕಾನೆಲೆ ಎಲ್ಲ ಬಂದದ್ದು ಈ ನೆಲಕ್ಕೇ. ಕರ್ನಾಟಕದಲ್ಲಿ ಗೇಣಿದಾರ ನಮೂನೆ 7 ತುಂಬಿ, ಉಳುವ ಭೂಮಿ ತನ್ನದು ಅಂತ ಕೇಳುವ ದಾರಿ ತೆರೆದದ್ದು 1974ರ ತಿದ್ದುಪಡಿಯಿಂದ. ಅರ್ಜಿ ಹಾಕೋಕೂ ಓದು ಬೇಕಲ್ಲ? ದೇಸಾಯಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಹಳ್ಳಿಗಳಲ್ಲಿ ಶಾಲೆ ತೆರೆಯುತ್ತ ಹೋಗಿದ್ದರು. ಅಂಕೋಲಾದ ಕಾಲೇಜಿಗೆ ಇಟ್ಟದ್ದು ಗೋಖಲೆಯವರ ಹೆಸರು.

ಅವರು ತೀರಿಕೊಂಡದ್ದು 1982ರಲ್ಲಿ, ಕೈಗಾದ ಕಾಮಗಾರಿ ಶುರುವಾಗುವ ಮೊದಲೇ. ಸ್ಥಾವರದ ಬಗ್ಗೆ ಅವರ ಬಾಯಲ್ಲಿ ನಮ್ಮ ಮಾತು ತುರುಕೋದು ಬೇಡ. ಕಾರಂತರ ವಾದ ದುರ್ಬಲವಾಗಿತ್ತು ಅಂತಲೂ ನನಗನ್ನಿಸಲ್ಲ. ಆದರೆ ಕಾರಂತರು ಇಲ್ಲಿಗೆ ಬಂದದ್ದು ಒಂದು ಪ್ರಶ್ನೆ ಹಿಡಿದು, ಒಂದು ಚುನಾವಣೆಗೆ. ದೇಸಾಯಿ ಓಟು ಕೇಳುವ ಹೊತ್ತಿಗೆ ಇದೇ ಗದ್ದೆಯ ಅಂಚಿನಲ್ಲಿ ಸುಮಾರು ಮೂವತ್ತು ವರ್ಷ ಓಡಾಡಿದ್ದರು, ಗಡಿಪಾರಿನ ಐದು ವರ್ಷ ಬಿಟ್ಟು.