ಮಲಗಿದ ಕ್ಯಾಮೆರಾವನ್ನು ಹುಲಿ ಎಬ್ಬಿಸುವ ಬಗೆ

ಬಿಳಿಗಿರಿರಂಗನ ಬೆಟ್ಟದ ಕಾಡುದಾರಿಯ ಪಕ್ಕ, ಮರಕ್ಕೆ ಮೊಣಕಾಲೆತ್ತರದಲ್ಲಿ ಬಿಗಿದ ಹಸಿರು ಪೆಟ್ಟಿಗೆ ಹಗಲಿರುಳೂ ಕಣ್ಣು ಬಿಟ್ಟುಕೊಂಡೇ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಕ್ಯಾಮೆರಾ ಟ್ರ್ಯಾಪ್ ದಿನದ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆ. ಹುಲಿಯೋ ಕಡವೆಯೋ ಎದುರು ಹಾದರೆ ಏಳುತ್ತದೆ, ಚಿತ್ರ ತೆಗೆಯುತ್ತದೆ, ಮತ್ತೆ ಮಲಗುತ್ತದೆ. ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯ ಕಾಡುಪ್ರಾಣಿಗಳ ಬಗ್ಗೆ ನಾವು ಇವತ್ತು ಧೈರ್ಯವಾಗಿ ಹೇಳಬಲ್ಲ ಎಷ್ಟೋ ಮಾತುಗಳಿಗೆ ಈ ಮಲಗುವ, ಏಳುವ ಏರ್ಪಾಡೇ ಆಧಾರ.

ಪ್ರಾಣಿಯೇ ಬಂದು ಕ್ಯಾಮೆರಾವನ್ನು ಎಬ್ಬಿಸಲಿ ಎಂಬ ಯೋಚನೆ ಮಾತ್ರ ಹಳೆಯದು. ಅಮೆರಿಕದ ಜಾರ್ಜ್ ಶಿರಾಸ್ 1890ರ ದಶಕದಲ್ಲೇ ಪ್ರಾಣಿಗಳು ಓಡಾಡುವ ಜಾಗದಲ್ಲಿ ದಾರ ಕಟ್ಟಿ ಕಾದಿದ್ದರು. ದಾರ ಎಳೆದ ಪ್ರಾಣಿಯ ಚಿತ್ರ ತಾನಾಗಿ ಬೀಳುತ್ತಿತ್ತು. 1906ರ ಜುಲೈ ಸಂಚಿಕೆಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ ಚಿತ್ರಗಳನ್ನು ಅಚ್ಚು ಹಾಕಿತು. ಭಾರತದ ಹುಲಿಗೆ ಅದೇ ದಾರವನ್ನು ಹೂಡಿದವರು ಉತ್ತರ ಭಾರತದಲ್ಲಿದ್ದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್. ಹುಲಿಯ ಕಾಲಿಗೆ ತಂತಿ ತಗುಲಿದೊಡನೆ ಮೆಗ್ನೀಸಿಯಂ ಪುಡಿ ಭಗ್ಗನೆ ಹೊತ್ತುತ್ತಿತ್ತು. ಒಮ್ಮೆ ಹೊತ್ತಿದರೆ ಆ ರಾತ್ರಿಯ ಕತೆ ಮುಗಿಯಿತು. 1927ರಲ್ಲಿ ಬಂದ ಅವರ ಪುಸ್ತಕದ ಚಿತ್ರಗಳನ್ನು ನೋಡುವಾಗ, ಒಂದೊಂದರ ಹಿಂದೆ ಎಷ್ಟು ಬರಿಗೈಯ ಬೆಳಗುಗಳಿದ್ದವೋ ಎನಿಸದೆ ಇರದು.

ಅಲ್ಲಿಯವರೆಗೆ ಇದು ಚಿತ್ರದ ಹುಚ್ಚು. ಲೆಕ್ಕದ ಕೆಲಸಕ್ಕೆ ಅದನ್ನು ಗಟ್ಟಿಯಾಗಿ ಹಚ್ಚಿದ್ದು ನಮ್ಮ ನಾಗರಹೊಳೆಯಲ್ಲಿ. ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿದ್ದ ಕಾಲದಲ್ಲಿ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ ಎಂಬುದನ್ನೇ ಹಿಡಿದು ಕೆ. ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪಿನಿಂದ ಹುಲಿಗಳ ಸಂಖ್ಯೆ ಅಂದಾಜಿಸುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. ಎಡ ಮಗ್ಗುಲಿನ ಪಟ್ಟೆ ಬೇರೆ, ಬಲ ಮಗ್ಗುಲಿನದು ಬೇರೆ. ಅದಕ್ಕೇ ದಾರಿಯ ಆಚೆಗೊಂದು ಈಚೆಗೊಂದು ಕ್ಯಾಮೆರಾ. 2018ರ ಅಖಿಲ ಭಾರತ ಗಣತಿಯ ಹೊತ್ತಿಗೆ ದೇಶದ 26,838 ಕಡೆ ಕ್ಯಾಮೆರಾ ಹೂಡಿ 3.48 ಕೋಟಿಗೂ ಹೆಚ್ಚು ಚಿತ್ರ ತೆಗೆದಿದ್ದರು. ಹುಲಿಯದು ಅದರಲ್ಲಿ 76,651.

ನಮ್ಮ ಸೀಮೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಬಿಆರ್‌ಟಿ ಕಾಡು 2011ರ ಹೊತ್ತಿಗೆ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿ ಧಾಮವಾಯಿತು. ಅದಕ್ಕೆ ಅಂಟಿಕೊಂಡಿರುವ ಕಾವೇರಿ ವನ್ಯಧಾಮದಲ್ಲಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಇಟ್ಟಿದ್ದ ಕ್ಯಾಮೆರಾಗಳಿಗೆ ತರಕರಡಿ ಸಿಕ್ಕಿತು. ಕರ್ನಾಟಕದಲ್ಲಿ ಈ ಪ್ರಾಣಿಯ ಚಿತ್ರದಾಖಲೆ 2014ರಲ್ಲಿ ಪ್ರಕಟವಾಯಿತು. ರಾತ್ರಿ ಹೊತ್ತು ತಿರುಗುವ, ಮನುಷ್ಯರ ಕಣ್ಣಿಗೆ ಬೀಳುವುದೇ ಅಪರೂಪವಾದ ಪ್ರಾಣಿ ಅದು.

ದಾರದ ಜಾಗಕ್ಕೆ ಬಂದದ್ದು ಮೈಕಾವು. ಪೆಟ್ಟಿಗೆಯ ಮುಂದೆ ಕಾಣುವ ಗೀರುಗೀರಾದ ಪ್ಲಾಸ್ಟಿಕ್ ಮಸೂರದ ಹಿಂದೆ ಪಿಐಆರ್ ಸೆನ್ಸರ್ ಇದೆ. ಅದರೊಳಗೆ ಶಾಖಕ್ಕೆ ಸ್ಪಂದಿಸುವ ಎರಡು ತುಣುಕುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಕದಲದ ಶಾಖ ಎರಡರಲ್ಲೂ ಸಮನಾಗಿ ಬಿದ್ದು ವಜಾ ಆಗುತ್ತದೆ. ಬಿಸಿಮೈ ಒಂದರ ಮುಂದಿನಿಂದ ಇನ್ನೊಂದರ ಮುಂದಕ್ಕೆ ಸರಿದರೆ ಮಾತ್ರ ಸಣ್ಣ ವಿದ್ಯುತ್ ಮಿಡಿತ ಏಳುತ್ತದೆ. ಅದನ್ನು ಹಿಗ್ಗಿಸಿ ಮೈಕ್ರೊಕಂಟ್ರೋಲರ್ ಚಿಪ್ಪಿನ ಒಂದು ಪಿನ್ನಿಗೆ ಕೊಡುತ್ತಾರೆ. ಚಿಪ್ಪಿನ ಗಡಿಯಾರ ನಿಂತಿದೆ, ಪ್ರೋಗ್ರಾಂ ನಿಂತಿದೆ, ಆ ಪಿನ್ನನ್ನು ಗಮನಿಸುವ ಪುಟ್ಟ ಸರ್ಕ್ಯೂಟ್ ಮಾತ್ರ ಎಚ್ಚರ. ಪಿನ್ನಿನ ಮಟ್ಟ ಬದಲಾದೊಡನೆ ಅದು ಇಂಟರಪ್ಟ್ ಕೊಟ್ಟು ಎಲ್ಲವನ್ನೂ ಎಬ್ಬಿಸುತ್ತದೆ. ಕೊಳ್ಳೇಗಾಲ ಬಂದಾಗ ಎಬ್ಬಿಸಿ ಎಂದು ಕಂಡಕ್ಟರಿಗೆ ಹೇಳಿ ನಿಶ್ಚಿಂತೆಯಾಗಿ ಮಲಗುವ ಪ್ರಯಾಣಿಕನ ಸ್ಥಿತಿ ಅದರದು.

ಇದರ ಬೆಲೆ ತಿಳಿಯಬೇಕಾದರೆ ಶೆಲ್ಲಿನ ಲೆಕ್ಕ ನೋಡಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತವಾದ ಎಟಿಮೆಗಾ 328ಪಿ ಚಿಪ್ 1.8 ವೋಲ್ಟಿನಲ್ಲಿ, 1 ಮೆಗಾಹರ್ಟ್ಸ್ ವೇಗದಲ್ಲಿ ಎಚ್ಚರವಿದ್ದಾಗ 0.2 ಮಿಲಿಆಂಪ್ ಎಳೆಯುತ್ತದೆ. ಆಳವಾಗಿ ಮಲಗಿದಾಗ 0.1 ಮೈಕ್ರೊಆಂಪ್. ಎರಡು ಸಾವಿರ ಪಟ್ಟು ಅಂತರ! ಇಂಥ ಚಿಪ್ಪುಗಳನ್ನು ಕಟ್ಟಿರುವ ಸಿಮಾಸ್ ತಂತ್ರಕ್ಕೆ 1963ರಷ್ಟು ಹಿಂದೆಯೇ ಫ್ರಾಂಕ್ ವಾನ್ಲಾಸ್ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಅದರಲ್ಲಿ ಸ್ವಿಚ್ಚುಗಳು ತಿರುವಿಕೊಳ್ಳುವಾಗಷ್ಟೇ ಹೆಚ್ಚಿನ ಕರೆಂಟು ಖರ್ಚಾಗುತ್ತದೆ, ಆದ್ದರಿಂದ ಗಡಿಯಾರ ನಿಲ್ಲಿಸಿದರೆ ಖರ್ಚೂ ನಿಂತಂತೆ. ಸದಾ ಎಚ್ಚರವಿದ್ದು 20 ಮಿಲಿಆಂಪ್ ಎಳೆಯುವ ಸರ್ಕ್ಯೂಟ್ 2,000 ಮಿಲಿಆಂಪ್-ಗಂಟೆಯ ಶೆಲ್ಲುಗಳನ್ನು ನಾಲ್ಕೇ ದಿನಕ್ಕೆ ಮುಗಿಸುತ್ತದೆ. ಮಲಗಿಸಿ, ಸೆನ್ಸರಿಗೆ ಬೇಕಾದ 50 ಮೈಕ್ರೊಆಂಪ್ ಮಾತ್ರ ಕೊಟ್ಟರೆ ಕಾಗದದ ಮೇಲೆ ನಾಲ್ಕು ವರ್ಷ ದಾಟುತ್ತದೆ. ಫ್ಲ್ಯಾಶ್, ಚಿತ್ರ ಎಂದು ಖರ್ಚು ಕಳೆದರೂ ತಿಂಗಳುಗಟ್ಟಲೆ ನಿಲ್ಲುತ್ತದೆ. ನಾಲ್ಕು ದಿನಕ್ಕೊಮ್ಮೆ ಶೆಲ್ ಬದಲಿಸಲು ಆನೆಗಳಿರುವ ಕಾಡಿಗೆ ಜನರನ್ನು ಕಳಿಸಬೇಕಾಗಿದ್ದರೆ ಈ ಗಣತಿ ನಡೆಯುತ್ತಲೇ ಇರಲಿಲ್ಲ. ಮೆಗಾಪಿಕ್ಸೆಲ್ಲನ್ನು ಹೊಗಳುವವರು ಈ ಪಿನ್ನನ್ನು ಮೊದಲು ಹೊಗಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಡವುವ ಜಾಗಗಳೂ ಇವೆ. ಯಾರೂ ಬಂದಿಲ್ಲ ಎಂದು ಪ್ರೋಗ್ರಾಂ ನೋಡಿಕೊಂಡು ಮಲಗಲು ಹೊರಟಿದೆ ಎನ್ನಿ. ಆ ಎರಡರ ನಡುವಿನ ಕ್ಷಣದಲ್ಲೇ ಹುಲಿ ಬಂದರೆ? ಇಂಟರಪ್ಟ್ ಬಂದುಹೋಗಿರುತ್ತದೆ, ಚಿಪ್ ಆಮೇಲೆ ಮಲಗುತ್ತದೆ, ಹುಲಿಯ ಚಿತ್ರವೇ ಇಲ್ಲ. ಅದಕ್ಕಾಗಿ ನೋಡುವ ಮೊದಲು ಇಂಟರಪ್ಟನ್ನು ತಡೆದು, ಮಲಗುವ ಆದೇಶಕ್ಕೆ ಸರಿಯಾಗಿ ಒಂದು ಹೆಜ್ಜೆ ಮುಂಚೆ ಬಿಡುತ್ತಾರೆ. ತಡೆ ತೆಗೆದ ಮೇಲೆ ಇನ್ನೊಂದು ಆದೇಶ ನಡೆದೇ ಇಂಟರಪ್ಟಿಗೆ ದಾರಿ ಎಂಬ ನಿಯಮ ಈ ಚಿಪ್ಪಿನೊಳಗೇ ಇದೆ. ಹಾಗಾಗಿ ಅದು ಮಲಗಿದರೂ ತಕ್ಷಣ ಏಳುತ್ತದೆ. ಇಷ್ಟು ಸೂಕ್ಷ್ಮವಾಗಿ ಯೋಚಿಸಿ ಚಿಪ್ ಮಾಡಿದವರ ಬಗ್ಗೆ ನನಗೆ ಗೌರವವಿದೆ.

ಹನೂರಿನ ಬೇಸಿಗೆ ಬೇರೆಯದೇ ಪರೀಕ್ಷೆ. ಸುತ್ತಲಿನ ಬಿಸಿ ಪ್ರಾಣಿಯ ಮೈಬಿಸಿಯ ಹತ್ತಿರ ಬಂದರೆ ಸೆನ್ಸರಿಗೆ ವ್ಯತ್ಯಾಸವೇ ಸಿಗದು. ಕಾದ ಎಲೆಗಳು ಗಾಳಿಗೆ ಅಲುಗಿದರೆ ಸುಮ್ಮನೆ ಏಳುತ್ತದೆ, ಕಾರ್ಡು ತುಂಬ ಬರೀ ಹುಲ್ಲಿನ ಚಿತ್ರ. ಆದ್ದರಿಂದ ಕ್ಯಾಮೆರಾ ಕಟ್ಟುವವರು ಎದುರಿನ ಹುಲ್ಲು, ಲಂಟಾನ ಸವರಿ, ಬಿಸಿಲು ನೇರ ಬೀಳದ ದಿಕ್ಕಿಗೆ ತಿರುಗಿಸುತ್ತಾರೆ. ಬಳಿಕ ಒಬ್ಬರು ಪ್ರಾಣಿಯಂತೆ ಬಗ್ಗಿ ಅದರ ಮುಂದೆ ಹಾಯುತ್ತಾರೆ. ಪೆಟ್ಟಿಗೆಯ ಕೆಂಪು ದೀಪ ಹೊತ್ತಿದರೆ ಸರಿ, ಇಲ್ಲದಿದ್ದರೆ ಪಟ್ಟಿ ಸಡಿಲಿಸಿ ಇನ್ನೊಂದಿಷ್ಟು ಕೆಳಕ್ಕೆ ಇಳಿಸುತ್ತಾರೆ.